ಪ್ಲೇಟೇ ಶ್ರೇಷ್ಠ ಎಂಬ ಮಾತು ಈ ಸಂಗೀತಕ್ಕೆ ಹೊಂದುವುದಿಲ್ಲ

ಮಾನ್ಯ ಸಂಪಾದಕರೇ,

ಕಳೆದ ಭಾನುವಾರದ ನಿಮ್ಮ ಪುರವಣಿಯಲ್ಲಿ ಆ್ಯಂಬಿಯೆಂಟ್ ಸಂಗೀತದ, ಎಂದರೆ ನೀಳ ನಾದಗಳಲ್ಲಿ ಮೆಲ್ಲಗೆ ಹರಿಯುವ ಸಂಗೀತದ, ಬಗ್ಗೆ ಇಡೀ ಒಂದು ಪುಟ ಬಂದಿದೆ. ಕನ್ನಡ ಪತ್ರಿಕೆಯಲ್ಲಿ ಈ ಸಂಗೀತಕ್ಕೆ ಇಷ್ಟು ಜಾಗ ಸಿಕ್ಕಿದ್ದು ಖುಷಿಯ ವಿಷಯ. ಆದರೆ ಲೇಖಕರು ಕೊನೆಯಲ್ಲಿ, ಇದನ್ನು ಮಿಕ್ಸ್ ಮಾಡುವುದಾದರೆ (ತುಣುಕುಗಳನ್ನು ಒಂದರೊಳಗೊಂದು ಹರಿಸಿ ಜೋಡಿಸುವುದಾದರೆ) ವಿನೈಲ್ ಪ್ಲೇಟುಗಳಿಂದಲೇ, ಎಂದರೆ ರೆಕಾರ್ಡುಗಳಿಂದಲೇ ಮಾಡಬೇಕು, ಡಿಜಿಟಲ್ ಫೈಲುಗಳಲ್ಲಿ ಜೀವ ಇರುವುದಿಲ್ಲ ಎಂದು ತೀರ್ಪು ಕೊಟ್ಟುಬಿಟ್ಟಿದ್ದಾರೆ. ಅದನ್ನು ಓದಿ ಸುಮ್ಮನಿರಲು ಆಗಲಿಲ್ಲ. ಪ್ಲೇಟನ್ನೂ ಫೈಲನ್ನೂ ಹೊತ್ತು ತಿರುಗಿದವರ ಮಾತು ಒಂದಿಷ್ಟು ಬೇರೆ ಇದೆ. ಪತ್ರ ಉದ್ದವಾಗಬಹುದು, ಕತ್ತರಿ ನಿಮ್ಮ ಕೈಯಲ್ಲಿದೆ.

ನಮ್ಮದು ಮೈಸೂರಿನಲ್ಲಿ ಮೈಕ್‌ಸೆಟ್ ಅಂಗಡಿ. ನಮ್ಮಪ್ಪನ ಕಾಲಕ್ಕೆ ಮದುವೆ, ಗಣಪತಿ ಹಬ್ಬ, ಸುತ್ತಲ ಊರಿನ ಜಾತ್ರೆ. ಎರಡು ಹಾರ್ನು, ಒಂದು ಅಹುಜಾ ಆಂಪ್ಲಿಫೈಯರು, ಪ್ಲೇಟು ಹಾಕುವ ಒಂದು ಪೆಟ್ಟಿಗೆ, ನಾಯಿ ಮಾರ್ಕಿನ ಒಂದಿಷ್ಟು ಪ್ಲೇಟು, ಇಷ್ಟೇ ಬಂಡವಾಳ. ಆ ಕಡೆಯ ಕೆಲಸವನ್ನು ಈಗ ನನ್ನ ತಮ್ಮ ನೋಡಿಕೊಳ್ಳುತ್ತಾನೆ, ಹಾರ್ನಿನ ಜಾಗಕ್ಕೆ ಆಳೆತ್ತರದ ಬಾಕ್ಸುಗಳು ಬಂದಿವೆ. ಗೋಕುಲಂ ಕಡೆ ಯೋಗ ಕಲಿಯಲು ಹೊರದೇಶದವರು ಬರುವುದು ಹೆಚ್ಚಾದ ಮೇಲೆ ಅಲ್ಲಿನ ಯೋಗಶಾಲೆಗಳಿಗೆ, ಮಹಡಿ ಮೇಲಿನ ಸಂಜೆಯ ಕೂಟಗಳಿಗೆ ಸೌಂಡ್ ಕೊಡುವುದು ನನ್ನ ಪಾಲಿಗೆ ಬಂತು. ಮೊದಮೊದಲು ಬಾಕ್ಸ್ ಇಟ್ಟು, ವೈರ್ ಎಳೆದು ಮನೆಗೆ ಬರುತ್ತಿದ್ದೆ. ಒಂದು ಸಂಜೆ ಸಂಗೀತ ಹಾಕಬೇಕಾದವರು ಬರಲಿಲ್ಲ, ನಾನೇ ಕೂತೆ. ಅಂದಿನಿಂದ ಶವಾಸನದ ಅರ್ಧ ಗಂಟೆಗೂ ನಾನೇ, ರಾತ್ರಿ ಮೂರು ಗಂಟೆ ನಡೆಯುವ ಕೂಟಕ್ಕೂ ನಾನೇ.

ಕುಣಿತದ ಹಾಡು ಜೋಡಿಸುವವರ ಕೆಲಸವೇ ಬೇರೆ, ನಮ್ಮದೇ ಬೇರೆ. ಅವರು ಒಂದು ಹಾಡಿನ ತಾಳವನ್ನು ಇನ್ನೊಂದರ ತಾಳಕ್ಕೆ ಕೂಡಿಸಬೇಕು. ಟೆಕ್ನಿಕ್ಸ್ ಎಸ್‌ಎಲ್-1200 ಎಂಬ ಟರ್ನ್‌ಟೇಬಲ್ ಡಿಜೆಗಳ ಪಾಲಿಗೆ ದೇವರಾದದ್ದೇ ಅದಕ್ಕೆ. 1979ರಲ್ಲಿ ಬಂದ ಅದರ ಎಂಕೆ2 ಮಾದರಿಯಲ್ಲಿ ವೇಗವನ್ನು ಶೇ 8ರಷ್ಟು ಏರಿಸಲು, ಇಳಿಸಲು ಬಲಗಡೆ ಒಂದು ಫೇಡರ್, ಎಂದರೆ ಜಾರಿಸುವ ಗುಂಡಿ, ಇದೆ. ನಮ್ಮ ಸಂಗೀತದಲ್ಲಿ ಬಹುಪಾಲು ತಾಳವೇ ಇರುವುದಿಲ್ಲ. ಎರಡು ತುಣುಕುಗಳು ಮೂರ್ನಾಲ್ಕು ನಿಮಿಷ ಒಟ್ಟಿಗೆ ಹರಿಯುತ್ತವೆ, ಮೊದಲನೆಯದು ಯಾವಾಗ ಎದ್ದು ಹೋಯಿತು ಎಂದು ಕೂತವರಿಗೆ ತಿಳಿಯಬಾರದು. ಅಲ್ಲಿ ಕೂಡಬೇಕಾದದ್ದು ಶ್ರುತಿ. ಹಾರ್ಮೋನಿಯಂ ಮನೆಗಳ ಲೆಕ್ಕದಲ್ಲಿ ಒಂದು ಮನೆ ಶ್ರುತಿಯ ನಾದದ ಮೇಲೆ ಒಂದೂವರೆ ಮನೆಯದನ್ನು ಹರಿಯಬಿಟ್ಟು ನೋಡಿ. ಸಂಗೀತ ಕಲಿಯದವರೂ ಕಣ್ಣು ಮುಚ್ಚಿಕೊಂಡೇ ಹುಬ್ಬು ಗಂಟಿಕ್ಕುತ್ತಾರೆ.

ಪ್ಲೇಟಿನಲ್ಲಿ ವೇಗವನ್ನೂ ಶ್ರುತಿಯನ್ನೂ ಬೇರೆ ಮಾಡಲು ಬರುವುದಿಲ್ಲ. ಸುಮಾರು ಶೇ 6 ವೇಗ ಹೆಚ್ಚಿಸಿದರೆ ಒಂದು ಮನೆಯದು ಒಂದೂವರೆಗೆ ಏರುತ್ತದೆ. ತಾಳವೇ ಇಲ್ಲದ ಮೇಲೆ ವೇಗ ಬದಲಾದರೆ ಯಾರಿಗೇನು, ಫೇಡರನ್ನು ಶ್ರುತಿ ಬಿರಡೆಯಂತೆ ಬಳಸಬಹುದಲ್ಲ ಎಂದು ಯಾರಾದರೂ ಕೇಳಬಹುದು. ಬಳಸಬಹುದು, ನಾನೂ ಬಳಸಿದ್ದೇನೆ, ಮಜವಾಗಿಯೂ ಇರುತ್ತದೆ. ತೊಂದರೆ ಇರುವುದು ಕೂಡಿಸಿದ ಶ್ರುತಿ ನಿಲ್ಲುವುದರಲ್ಲಿ. ಪ್ಲೇಟಿನ ನಡುವಿನ ತೂತು ಒಂದು ಕೂದಲಷ್ಟು ಆಚೀಚೆ ಇದ್ದರೂ ಮುಳ್ಳು ಸುತ್ತಿಗೊಮ್ಮೆ ಒಳಕ್ಕೂ ಹೊರಕ್ಕೂ ತೂಗುತ್ತದೆ. ನಿಮಿಷಕ್ಕೆ 33⅓ ಸುತ್ತು ಎಂದರೆ ಪ್ರತಿ 1.8 ಸೆಕೆಂಡಿಗೆ ಒಮ್ಮೆ ಸ್ವರ ಏರಿ ಇಳಿಯುತ್ತದೆ. ಸಿನಿಮಾ ಹಾಡಿನಲ್ಲಿ, ಭಜನೆಯಲ್ಲಿ ಇದು ಯಾರ ಕಿವಿಗೂ ಬೀಳುವುದಿಲ್ಲ. ಒಂದೇ ಸ್ವರ ಎರಡು ನಿಮಿಷ ಎಳೆದು ನಿಂತಿರುವ ಕಡೆ ಅದು ಬಿಟ್ಟು ಬೇರೇನೂ ಕೇಳುವುದಿಲ್ಲ. ಪಕ್ಕದ ಪ್ಲೇಟಿಗೂ ಅದೇ ರೋಗ ಇದ್ದರೆ ಎರಡೂ ಸೇರಿ ಹೊಟ್ಟೆ ತೊಳಸುವ ಹಾಗೆ ಆಗುತ್ತದೆ.

ತಂಬೂರಿ ಕೇಳಿ ಬೆಳೆದ ಕಿವಿಗೆ ಇದನ್ನು ವಿವರಿಸಬೇಕಾಗಿಲ್ಲ. ಅಂದಹಾಗೆ, ಈ ನೀಳ ನಾದದ ಸಂಗೀತಕ್ಕೂ ನಮ್ಮ ತಂಬೂರಿಗೂ ನಿಜವಾದ ನಂಟೇ ಇದೆ. ಪಂಡಿತ್ ಪ್ರಾಣನಾಥ್ 1970ರಲ್ಲಿ ನ್ಯೂಯಾರ್ಕಿಗೆ ಹೋದಾಗ ಲಾ ಮಾಂಟ್ ಯಂಗ್, ಟೆರ್ರಿ ರೈಲಿ ಎಂಬ ಅಮೆರಿಕದ ಸಂಗೀತಕಾರರು ಅವರಿಗೆ ಶಿಷ್ಯರಾದರು. ಪ್ರಾಣನಾಥರದು ಕಿರಾನಾ ಘರಾಣೆ, ನಮ್ಮ ಗಂಗೂಬಾಯಿ ಹಾನಗಲ್, ಭೀಮಸೇನ ಜೋಶಿ ಅವರದೇ ಘರಾಣೆ. ಲೇಖನದಲ್ಲಿ ಇದರ ಸುದ್ದಿಯೇ ಇಲ್ಲದ್ದು ಸ್ವಲ್ಪ ಬೇಸರ ತಂದಿತು.

ಇನ್ನು ಉದ್ದದ ವಿಚಾರ. ನನ್ನ ವಾದವೆಲ್ಲ ನಿಂತಿರುವುದು ಇದರ ಮೇಲೆ. ಪ್ಲೇಟು ಹೇಳಿದಷ್ಟೇ ಹೊತ್ತು ಹಾಡಬೇಕು ಎಂಬುದು ನಮ್ಮ ದೇಶದಲ್ಲಿ 1902ರಿಂದಲೂ ಇರುವ ಕಾನೂನು. ಆ ವರ್ಷ ಕಲ್ಕತ್ತೆಯಲ್ಲಿ ಗೌಹರ್ ಜಾನ್ ಗ್ರಾಮಾಫೋನಿಗೆ ಹಾಡಿದಾಗ ಇದ್ದದ್ದು ಮೂರೇ ನಿಮಿಷ. ಗಂಟೆಗಟ್ಟಲೆ ಹಾಡುವ ರಾಗವನ್ನು ಅದರೊಳಗೆ ಮಡಚಿಟ್ಟು, ಕೊನೆಗೆ ತಮ್ಮ ಹೆಸರನ್ನೂ ಇಂಗ್ಲಿಷಿನಲ್ಲಿ ಹೇಳಿ ಮುಗಿಸುತ್ತಿದ್ದರು. (ಆಕೆ ಕಡೆಗಾಲದಲ್ಲಿ ನಮ್ಮ ಅರಮನೆಯ ಆಶ್ರಯಕ್ಕೆ ಬಂದು 1930ರಲ್ಲಿ ಮೈಸೂರಿನಲ್ಲೇ ತೀರಿಕೊಂಡರು. ಊರಿನ ಎಷ್ಟೋ ಜನಕ್ಕೆ ಗೊತ್ತಿಲ್ಲ.) 1948ರಲ್ಲಿ ಅಮೆರಿಕದ ಕೊಲಂಬಿಯಾ ಕಂಪನಿ ಎಲ್‌ಪಿ (ಲಾಂಗ್ ಪ್ಲೇ) ಪ್ಲೇಟು ತಂದ ಮೇಲೆ ಒಂದು ಮಗ್ಗುಲಿಗೆ ಇಪ್ಪತ್ತು ನಿಮಿಷದ ಮೇಲೆ ಸಿಕ್ಕಿತು. ನಮ್ಮಪ್ಪ ಎಲ್‌ಪಿ ಬಂದದ್ದನ್ನು ವರ ಎಂದೇ ಹೇಳುತ್ತಿದ್ದರು. ಅದಕ್ಕೆ ಮೊದಲು ಮದುವೆ ಮನೆಯಲ್ಲಿ ಪೆಟ್ಟಿಗೆ ಬಿಟ್ಟು ಊಟಕ್ಕೆ ಏಳುವ ಹಾಗಿರಲಿಲ್ಲ. ಮೂರು ನಿಮಿಷಕ್ಕೊಮ್ಮೆ ಪ್ಲೇಟು ತಿರುಗಿಸಬೇಕು, ಮುಳ್ಳು ಬದಲಾಯಿಸಬೇಕು, ಅಷ್ಟರಲ್ಲಿ ಪಂಕ್ತಿ ಎದ್ದಿರುತ್ತಿತ್ತು. ಅವರ ಕೈಗೆ ಒಂದು ಪೆನ್‌ಡ್ರೈವ್ ಕೊಟ್ಟಿದ್ದರೆ ಹಳೆಯದೇ ಚೆಂದ ಎಂದು ಒಂದು ದಿನವೂ ಹೇಳುತ್ತಿರಲಿಲ್ಲ.

ಎಲ್‌ಪಿಯಲ್ಲೂ ಹೆಚ್ಚು ಹೊತ್ತು ತುಂಬಬೇಕೆಂದರೆ ಗೀರುಗಳನ್ನು ಒತ್ತೊತ್ತಾಗಿ ಕೊರೆಯಬೇಕು. ಒತ್ತಾದರೆ ಗೀರು ಅಗಲಕ್ಕೆ ಓಲಾಡಲು ಜಾಗ ಇಲ್ಲ, ಸದ್ದನ್ನು ಇಳಿಸಿಯೇ ಕೊರೆಯಬೇಕು. ಸದ್ದು ಇಳಿದಷ್ಟೂ ಪ್ಲೇಟಿನ ಸ್ವಂತ ಚರಚರ ಮೇಲೆ ಬರುತ್ತದೆ. ಈ ಸಂಗೀತಕ್ಕೆ ಹೆಸರು ಕೊಟ್ಟ ಇಂಗ್ಲೆಂಡಿನ ಬ್ರಯಾನ್ ಈನೋ 1975ರಲ್ಲಿ ಒಂದು ಮಗ್ಗುಲಿನ ತುಂಬ ಒಂದೇ ರಚನೆಯನ್ನು, ಅರ್ಧ ಗಂಟೆಯದನ್ನು, ತುಂಬಿಸಿದರು. ಅದಕ್ಕಿಂತ ಹೆಚ್ಚು ಹಿಡಿಸಲು ಜಾಗ ಇರಲಿಲ್ಲ. ಸಿ.ಡಿ. ಬಂದದ್ದೇ ತಡ, 1985ರಲ್ಲಿ ಅದೇ ಮನುಷ್ಯ 61 ನಿಮಿಷದ ಒಂದೇ ರಚನೆ ಮಾಡಿದರು, ಎಲ್ಲಿಯೂ ನಿಲ್ಲದ್ದು, ಮಗ್ಗುಲು ತಿರುಗಿಸಬೇಕಾಗಿಲ್ಲದ್ದು. ಸಿ.ಡಿ.ಯ ಉದ್ದವನ್ನೂ ಅದರ ನಿಶ್ಶಬ್ದವನ್ನೂ ಕಣ್ಣಮುಂದೆ ಇಟ್ಟುಕೊಂಡೇ ಮಾಡಿದ್ದು. ಪ್ಲೇಟಿನಲ್ಲಿಯೇ ಈ ಸಂಗೀತದ ಆತ್ಮ ಇದೆ ಎನ್ನುವವರು ಆ ವರ್ಷವನ್ನು ಯಾಕೆ ದಾಟಿಕೊಂಡು ಹೋಗುತ್ತಾರೋ ತಿಳಿಯದು.

ಪ್ಲೇಟಿನ ಇನ್ನೊಂದು ಗುಣವನ್ನೂ ಹೇಳಬೇಕು. ಹೊರ ಅಂಚಿನಲ್ಲಿ ಗೀರು ಮುಳ್ಳಿನ ಕೆಳಗೆ ಸೆಕೆಂಡಿಗೆ ಹತ್ತಿರ ಹತ್ತಿರ 50 ಸೆಂಟಿಮೀಟರ್ ಓಡುತ್ತದೆ. ಲೇಬಲ್ಲಿನ ಬಳಿಗೆ ಬರುವಾಗ ಅದು 20ರ ಆಸುಪಾಸಿಗೆ ಇಳಿದಿರುತ್ತದೆ. ಅಷ್ಟೇ ಸಂಗೀತ ಅರ್ಧಕ್ಕಿಂತ ಕಡಿಮೆ ಜಾಗದಲ್ಲಿ ಇರಬೇಕು, ಹಾಗಾಗಿ ಮೇಲಿನ ಸ್ವರಗಳು ಒಡೆಯುತ್ತವೆ. ನಮ್ಮ ರಚನೆಗಳು ಕೊನೆಯಲ್ಲಿ ಸಣ್ಣಗಾಗಿ ಕರಗುವಂಥವು. ಅತಿ ನವುರಾದ ಭಾಗ ಅತಿ ಕೆಟ್ಟ ಜಾಗಕ್ಕೆ ಬಂದು ಬೀಳುತ್ತದೆ. ರಾಕ್ ಸಂಗೀತದವರು ಜೋರು ಹಾಡನ್ನು ಮೊದಲು ಇಟ್ಟು, ಮೆಲ್ಲಗಿನದನ್ನು ಕೊನೆಗೆ ಇಟ್ಟು ಹೇಗೋ ಸಂಭಾಳಿಸಿದರು. ಇಲ್ಲಿ ಮೊದಲಿಂದ ಕೊನೆವರೆಗೆ ಎಲ್ಲವೂ ಮೆಲ್ಲಗಿನದೇ.

ನಿಶ್ಶಬ್ದದ ಲೆಕ್ಕವೂ ಹೀಗೆಯೇ. ಒಳ್ಳೆಯ ಪ್ಲೇಟಿನಲ್ಲಿ ಅತಿ ಜೋರಿಗೂ ಅತಿ ಮೆಲ್ಲಗಿನದಕ್ಕೂ ನಡುವೆ 60-70 ಡೆಸಿಬೆಲ್ ಅಂತರ ಸಿಗುತ್ತದೆ. 16 ಬಿಟ್‌ನ ಸಿ.ಡಿ.ಯಲ್ಲಿ 96. ಅಂಕಿ ಬದಿಗಿರಲಿ, ನಮ್ಮೂರಿನ ಮಾರ್ಚ್ ತಿಂಗಳ ಧೂಳಿನಲ್ಲಿ ಪ್ಲೇಟನ್ನು ಕವರಿನಿಂದ ಹೊರಗೆ ತೆಗೆದು ನೋಡಲಿ ಯಾರಾದರೂ. ಯೋಗಶಾಲೆಯ ನೆಲ ಬೇರೆ ಮರದ ಹಲಗೆಯದು. ಅಷ್ಟಾಂಗ ಯೋಗದವರು ಸೂರ್ಯನಮಸ್ಕಾರದಲ್ಲಿ ಹಿಂದಕ್ಕೆ ಜಿಗಿದರೆ ಮುಳ್ಳೂ ಜಿಗಿಯುತ್ತದೆ. ಟರ್ನ್‌ಟೇಬಲ್ ಕೆಳಗೆ ಕಡಪ ಕಲ್ಲಿನ ಹಲಗೆ, ಅದರ ಕೆಳಗೆ ದಪ್ಪ ಫೋಮ್ ಇಟ್ಟು ನೋಡಿದ್ದೇನೆ. ಜಿಗಿತ ನಿಂತಿತು, ಗುಂಯ್ ಎನ್ನುವುದು ನಿಲ್ಲಲಿಲ್ಲ. ಬಾಕ್ಸಿನಿಂದ ಬರುವ ತಗ್ಗು ನಾದ ನೆಲದಲ್ಲಿ ಹರಿದು ಮುಳ್ಳಿಗೆ ತಾಗಿ, ಮತ್ತೆ ಬಾಕ್ಸಿಗೆ ಹೋಗಿ, ಸುತ್ತು ಹೊಡೆಯುತ್ತ ಬೆಳೆಯುತ್ತದೆ. ಡೋಲಿನ ಪೆಟ್ಟಾದರೆ ಬಂದು ಹೋಗುತ್ತದೆ. ಎಳೆದ ತಗ್ಗು ಸ್ವರ ಈ ಸುತ್ತಿಗೆ ಬೇಕಾದಷ್ಟು ಹೊತ್ತು ಕೊಡುತ್ತದೆ.

ಈನೋ ಅವರ ಕತೆಯನ್ನು ಲೇಖಕರೂ ಹೇಳಿದ್ದಾರೆ. 1975ರಲ್ಲಿ ಅಪಘಾತವಾಗಿ ಮಲಗಿದ್ದಾಗ ಗೆಳತಿಯೊಬ್ಬರು ಹಾರ್ಪ್ ವಾದ್ಯದ ಪ್ಲೇಟು ತಂದುಕೊಟ್ಟರು. ಕಷ್ಟಪಟ್ಟು ಅದನ್ನು ಹಾಕಿ ಬಂದು ಮಲಗಿದ ಮೇಲೆ ಸದ್ದು ತೀರಾ ಕಡಿಮೆ ಇದೆ, ಸ್ಟೀರಿಯೋದ ಒಂದು ಕಡೆ ಕೆಲಸವೇ ಮಾಡುತ್ತಿಲ್ಲ ಎಂದು ಗೊತ್ತಾಯಿತು. ಏಳಲು ತ್ರಾಣ ಇರಲಿಲ್ಲ. ಹೊರಗಿನ ಮಳೆಯ ಸದ್ದಿನೊಳಗೆ ಆ ಸಂಗೀತ ಬೆರೆತು ಕೇಳಿ ಹೊಸ ದಾರಿ ಹೊಳೆಯಿತು. ಸರಿ, ಹುಟ್ಟಿದ್ದೇ ಪ್ಲೇಟಿನಿಂದ ಎನ್ನಲು ಈ ಕತೆ ಸಾಕೇ? ಅವರಿಗೆ ಹೊಳೆದದ್ದು ಕಡಿಮೆ ಸದ್ದಿನಿಂದ, ಮಳೆಯಿಂದ. ಕ್ಯಾಸೆಟ್ ಇದ್ದಿದ್ದರೂ ಅದೇ ಆಗುತ್ತಿತ್ತು.

ಪ್ಲೇಟಿನವರ ಪರವಾಗಿ ನಾನೇ ಒಂದು ಮಾತು ಹೇಳುತ್ತೇನೆ, ಲೇಖಕರಿಗೆ ಇದು ಹೊಳೆದಿಲ್ಲ. 1989ರಲ್ಲಿ ಲಂಡನ್ನಿನ ಹೆವನ್ ಎಂಬ ಕ್ಲಬ್ಬಿನಲ್ಲಿ, ಕೆಳಗೆ ಕುಣಿತ ನಡೆಯುವಾಗ ದಣಿದವರು ಕೂರುವ ಕೋಣೆಯೊಂದಕ್ಕೆ ಅಲೆಕ್ಸ್ ಪ್ಯಾಟರ್ಸನ್, ಜಿಮ್ಮಿ ಕಾಟಿ ಎಂಬ ಇಬ್ಬರು ಸಂಗೀತ ಹಾಕುತ್ತಿದ್ದರು. ಹಲವು ಪ್ಲೇಟುಗಳನ್ನು ಒಂದರ ಮೇಲೊಂದು ಹರಿಸುತ್ತಿದ್ದರು. ಆ ಕೋಣೆಗೆ ಒಂದು ರಾತ್ರಿ ಬಂದ ಗಿಟಾರ್ ವಾದಕ ಸ್ಟೀವ್ ಹಿಲೇಜ್, ತಾನೇ 1979ರಲ್ಲಿ ಮಾಡಿದ ಪ್ಲೇಟು ಅಲ್ಲಿ ಬೇರೆ ಸದ್ದುಗಳ ಜೊತೆ ಹರಿಯುತ್ತಿದ್ದುದನ್ನು ಕೇಳಿ ಬೆರಗಾದರು, ಮುಂದೆ ಅವರೆಲ್ಲ ಸೇರಿ ಕೆಲಸವನ್ನೂ ಮಾಡಿದರು. ಇಂದು ನಾವು ಮಾಡುವ ಮಿಕ್ಸಿಂಗಿನ ಎಷ್ಟೋ ಪಟ್ಟುಗಳು ಅಂಥ ಕೋಣೆಗಳಲ್ಲಿ, ಪ್ಲೇಟಿನ ಮೇಲೇ ಹುಟ್ಟಿದವು. ಒಪ್ಪುತ್ತೇನೆ. ಆದರೆ ಅವರ ಕೈಗೆ ಅಂದು ಸಿಕ್ಕಿದ್ದು ಅದು, ಅದರಲ್ಲಿ ಮಾಡಿದರು.

ಚರಚರ ಸದ್ದೇ ಇಷ್ಟ ಎನ್ನುವವರು ಇದ್ದಾರೆ. ನನಗೂ ಒಮ್ಮೊಮ್ಮೆ ಇಷ್ಟ. ಅಮೆರಿಕದ ಸಂಗೀತಕಾರ ವಿಲಿಯಂ ಬಸಿನ್ಸ್ಕಿ 2001ರಲ್ಲಿ ತಮ್ಮ ಹಳೆಯ ಟೇಪುಗಳನ್ನು ಡಿಜಿಟಲ್‌ಗೆ ಇಳಿಸುತ್ತಿದ್ದಾಗ ಟೇಪಿನ ಮೇಲಿನ ಲೇಪ ಸುತ್ತು ಸುತ್ತಿಗೂ ಉದುರುತ್ತ ಹೋಯಿತು, ಸಂಗೀತ ಕಣ್ಣೆದುರೇ ಸವೆದು ಹೋಯಿತು. ಆ ಸವೆತವೇ ಅವರ ಹೆಸರಾಂತ ಕೃತಿ. ಟೇಪು ಸತ್ತಿತು, ಅದು ಸತ್ತ ಬಗೆ ಉಳಿದದ್ದು ಪಕ್ಕದಲ್ಲಿದ್ದ ಡಿಜಿಟಲ್ ರೆಕಾರ್ಡರಿನಲ್ಲಿ. ಚರಚರ ಬೇಕಾದವರು ಒಂದು ಸಲ ಅದನ್ನು ಫೈಲಿಗೆ ಇಳಿಸಿಕೊಂಡು ಬೇಕಾದ ಕಡೆ, ಬೇಕಾದಷ್ಟು ಬೆರೆಸಿಕೊಳ್ಳಲಿ. ಧೂಳು ತನಗೆ ತೋಚಿದ ಕಡೆ ಬೆರೆಸುವುದಕ್ಕಿಂತ ಅದು ವಾಸಿ.

"ಅನಲಾಗ್ ಬಿಸುಪು", ಎಂದರೆ ಡಿಜಿಟಲ್ ಸೋಕದ ಸದ್ದಿಗೆ ಇರುತ್ತದೆನ್ನುವ ಹಿತ, ಎಂಬುದರ ಬಗ್ಗೆ ಲೇಖನದಲ್ಲಿ ಎರಡು ಪ್ಯಾರಾ ಇದೆ. 2022ರಲ್ಲಿ ಅಮೆರಿಕದಲ್ಲಿ ನಡೆದದ್ದನ್ನು ನೆನಪಿಸುತ್ತೇನೆ. ಮೊಬೈಲ್ ಫಿಡೆಲಿಟಿ ಎಂಬ ಕಂಪನಿಯ ದುಬಾರಿ ಪ್ಲೇಟುಗಳನ್ನು ಅಪ್ಪಟ ಅನಲಾಗ್ ಎಂದು ನಂಬಿ ಕೊಂಡವರು ವರ್ಷಗಟ್ಟಲೆ ಹೊಗಳಿದ್ದರು. ಅವುಗಳಲ್ಲಿ ಬಹಳಷ್ಟನ್ನು ತಯಾರಿಸುವಾಗ ನಡುವೆ ಒಂದು ಡಿಜಿಟಲ್ ಹಂತ ಇತ್ತು ಎಂದು ಆ ವರ್ಷ ಹೊರಬಿತ್ತು. ಪಳಗಿದ ಕಿವಿಗಳಿಗೂ ಅದುವರೆಗೆ ತಿಳಿದಿರಲಿಲ್ಲ. ಇವತ್ತು ಹೊಸದಾಗಿ ಬರುವ ಆ್ಯಂಬಿಯೆಂಟ್ ರಚನೆಗಳು ಬಹುಪಾಲು ಕಂಪ್ಯೂಟರಿನಲ್ಲೇ ಹುಟ್ಟುತ್ತವೆ. ಅದನ್ನು ಪ್ಲೇಟಿಗೆ ಕೊರೆದು, ಹಡಗಿನಲ್ಲಿ ತರಿಸಿ, ಸುಂಕ ಕಟ್ಟಿ, ಮುಳ್ಳಿನಿಂದ ಮತ್ತೆ ಹೊರಗೆ ತೆಗೆದರೆ ಮೊದಲಿಗಿಂತ ಶುದ್ಧವಾಗುವುದು ಹೇಗೆ?

ಹಾಗೆಂದು ಫೈಲುಗಳೆಲ್ಲ ಚಿನ್ನ ಎಂದು ನಾನು ಹೇಳಲಾರೆ. 128 ಕೆಬಿಪಿಎಸ್ಸಿನ, ಎಂದರೆ ತೀರಾ ಹಿಂಡಿ ಚಿಕ್ಕದು ಮಾಡಿದ, ಎಂಪಿ3 ಹಾಕಿದರೆ ಗುಡಿಯೊಳಗಿನ ಮೊಳಗಿನಂತೆ ನಿಧಾನಕ್ಕೆ ಆರಬೇಕಾದ ಸ್ವರದ ಬಾಲ ಚೂರು ಚೂರಾಗಿ ಉದುರುತ್ತದೆ. ಒಂದರೊಳಗೊಂದು ಸೇರಿಕೊಂಡೇ ಹೋಗುವ ಆಲ್ಬಂಗಳಲ್ಲಿ ಎಂಪಿ3 ತುಣುಕುಗಳ ಸಂದಿಯಲ್ಲಿ ಚಿಕ್ಕದೊಂದು ಖಾಲಿ ಬೀಳುತ್ತದೆ, ಆ ಫೈಲು ಮಾಡುವ ವಿಧಾನದಲ್ಲೇ ಅದು ಸೇರಿಕೊಂಡಿರುತ್ತದೆ. ಆದ್ದರಿಂದ ಸದ್ದಿನಲ್ಲಿ ಏನನ್ನೂ ಕಳೆಯದ ವೇವ್ ಅಥವಾ ಫ್ಲ್ಯಾಕ್ ಫೈಲು. ಸಂಗೀತ ಮಾಡಿದವರಿಂದ ನೇರವಾಗಿ ಕೊಂಡರೆ ಈ ಎರಡೂ ಸಿಗುತ್ತವೆ, ದುಡ್ಡೂ ಅವರಿಗೇ ಹೋಗುತ್ತದೆ. ನೆಟ್ಟಿನಿಂದ ನೇರ ಹರಿಸುವುದನ್ನು ನಾನಂತೂ ಮುಟ್ಟುವುದಿಲ್ಲ. ಶವಾಸನದ ನಡುವೆ ಜಾಹೀರಾತು ಬಂದರೆ ಮುಂದಿನ ವಾರ ಕರೆಯುವವರು ಯಾರು? ಫೋನು ಏರೋಪ್ಲೇನ್ ಮೋಡಿನಲ್ಲಿರಬೇಕು ಎಂಬುದನ್ನು ಹೇಳುವ ಅಗತ್ಯವಿಲ್ಲ. ಅದೇ ಫೈಲುಗಳು ಇನ್ನೊಂದು ಪೆನ್‌ಡ್ರೈವಿನಲ್ಲೂ ಜೇಬಿನಲ್ಲಿರಬೇಕು.

ಡಿಜೆ ಸಾಫ್ಟ್‌ವೇರ್ ಬಳಸುವವರಿಗೆ ಮೊದಲ ಕೆಲಸ ತಾಳಗಳನ್ನು ತಾನೇ ಕೂಡಿಸುವ ಸಿಂಕ್ ಗುಂಡಿಯನ್ನು ಆಫ್ ಮಾಡುವುದು. ಈ ಸಾಫ್ಟ್‌ವೇರುಗಳು ಎಲ್ಲದರಲ್ಲೂ ತಾಳ ಹುಡುಕುತ್ತವೆ. ಬರೀ ತಂಬೂರಿ ಕೊಟ್ಟರೂ ಇದು ನಿಮಿಷಕ್ಕೆ 174 ಪೆಟ್ಟು ಎಂದು ಧೈರ್ಯವಾಗಿ ತೋರಿಸುತ್ತವೆ, ಆಮೇಲೆ ಪಕ್ಕದ ತುಣುಕನ್ನು ಅದಕ್ಕೆ ಸರಿಯಾಗಿ ಓಡಿಸಲು ನೋಡುತ್ತವೆ. ಶ್ರುತಿ ಕಾಯ್ದುಕೊಂಡು ವೇಗ ಬದಲಿಸುವ, ವೇಗ ಕಾಯ್ದುಕೊಂಡು ಶ್ರುತಿ ಬದಲಿಸುವ ಸೌಲಭ್ಯ ಇರುವುದು ದೊಡ್ಡ ಉಪಕಾರ. ಅರ್ಧ ಮನೆಯೊಳಗೆ ಇದ್ದರೆ ಚೆನ್ನ. ಅದಕ್ಕೂ ಹೆಚ್ಚು ಎಳೆದರೆ ಪಿಯಾನೋದ ಪೆಟ್ಟುಗಳು ಎರಡೆರಡಾಗಿ ಕೇಳುತ್ತವೆ, ಎಳೆದ ಸ್ವರ ಮರಳು ಮರಳಾಗುತ್ತದೆ.

ಪ್ಲೇಟಿನ ಕಾಲದ ಒಂದು ಪದ್ಧತಿಯನ್ನು ಮಾತ್ರ ನಾನು ಬಿಟ್ಟಿಲ್ಲ. ಮದುವೆಗೆ ಹೊರಡುವ ಮುಂಚೆ ನಮ್ಮಪ್ಪ ಪ್ಲೇಟುಗಳನ್ನು ನೆಲದ ಮೇಲೆ ಹರಡಿ, ಇದು ವರಪೂಜೆಗೆ, ಇದು ಧಾರೆಗೆ, ಇದು ಊಟದ ಹೊತ್ತಿಗೆ ಎಂದು ಆರಿಸಿ ಪೆಟ್ಟಿಗೆಗೆ ಇಡುತ್ತಿದ್ದರು. ಪೆಟ್ಟಿಗೆಯಲ್ಲಿ ಜಾಗ ಕಡಿಮೆ, ಹಾಗಾಗಿ ತಲೆ ಓಡಿಸಲೇಬೇಕಿತ್ತು. ನಾನೂ ಕೂಟಕ್ಕೆ ಹೋಗುವ ಮುಂಚೆ ಹತ್ತು-ಹನ್ನೆರಡು ರಚನೆಗಳ ಒಂದು ಫೋಲ್ಡರ್ ಮಾಡಿಕೊಳ್ಳುತ್ತೇನೆ, ಉಳಿದದ್ದನ್ನು ಮನೆಯಲ್ಲೇ ಬಿಡುತ್ತೇನೆ. ಸಾವಿರ ರಚನೆ ಎದುರಿಗೆ ಇದ್ದರೆ ಕೈ ಸುಮ್ಮನಿರುವುದಿಲ್ಲ, ಮುಗಿಯುವ ಮೊದಲೇ ಮುಂದಿನದಕ್ಕೆ ಹೋಗುತ್ತದೆ. ಈಗಿನ ಹುಡುಗರ ಮಿಕ್ಸುಗಳಲ್ಲಿ ನನಗೆ ಕಾಣುವ ಅವಸರ ಫೈಲಿನದ್ದಲ್ಲ, ಫೋಲ್ಡರಿನದ್ದು.

ಪ್ಲೇಟು ಕೊಳ್ಳುವುದನ್ನೂ ನಾನು ಬಿಟ್ಟಿಲ್ಲ, ಇನ್ನೆಲ್ಲೂ ಸಿಗದ್ದು ಪ್ಲೇಟಿನಲ್ಲಿ ಮಾತ್ರ ಇರುತ್ತದೆ. ಬೆಂಗಳೂರಿಗೆ ಹೋದರೆ ಅವೆನ್ಯೂ ರಸ್ತೆ, ಚಿಕ್ಕಪೇಟೆ, ಭಾನುವಾರವಾದರೆ ಸಂಡೇ ಬಜಾರು. ಯಾರದೋ ಅಟ್ಟದಿಂದ ಇಳಿದ ವೀಣೆಯ, ಕೊಳಲಿನ ಎಲ್‌ಪಿಗಳಲ್ಲಿ ಆಲಾಪನೆಯ ಮೊದಲ ನಾಲ್ಕು ನಿಮಿಷ ನನ್ನ ಕೆಲಸಕ್ಕೆ ಬಂಗಾರ. ಮಲೆನಾಡಿನ ಕಡೆಯಿಂದ ಬಂದವಕ್ಕೆ ಬೂಸಲು ಹಿಡಿದಿರುತ್ತದೆ. ಎಲ್‌ಪಿಯಾದರೆ ಡಿಸ್ಟಿಲ್ಡ್ ವಾಟರಿಗೆ ಸ್ವಲ್ಪ ಐಸೊಪ್ರೊಪೈಲ್ ಆಲ್ಕೊಹಾಲ್ ಸೇರಿಸಿ ಮೆತ್ತನೆಯ ಬಟ್ಟೆಯಲ್ಲಿ ಗೀರಿನ ಗುಂಟ ಒರೆಸಬೇಕು. ನಿಮಿಷಕ್ಕೆ 78 ಸುತ್ತಿನ ಹಳೆಯ ಪ್ಲೇಟುಗಳಿಗೆ ಮಾತ್ರ ಆಲ್ಕೊಹಾಲ್ ಸೋಕಿಸಬಾರದು, ಅವು ಅರಗಿನವು, ಮೇಲ್ಮೈ ಕರಗಿಹೋಗುತ್ತದೆ. ಒರೆಸಿದ್ದನ್ನು 24 ಬಿಟ್‌ನಲ್ಲಿ ಒಂದು ಸಲ ಕಂಪ್ಯೂಟರಿಗೆ ಇಳಿಸಿ, ಪ್ಲೇಟನ್ನು ನೆಟ್ಟಗೆ ನಿಲ್ಲಿಸಿ ಇಡುತ್ತೇನೆ. ಚಿಟಚಿಟ ತೆಗೆಯುವ ಸಾಫ್ಟ್‌ವೇರನ್ನು ಪೂರ್ತಿ ಬಿಟ್ಟರೆ ವೀಣೆಯ ಮೀಟನ್ನೂ ಚಿಟಚಿಟ ಎಂದುಕೊಂಡು ನುಂಗಿಬಿಡುತ್ತದೆ, ದೊಡ್ಡವನ್ನು ಕೈಯಿಂದಲೇ ತೆಗೆಯುವುದು ಒಳ್ಳೆಯದು.

ನಿಮ್ಮ ಲೇಖನ ಓದಿದ ಕಾಲೇಜು ಹುಡುಗನೊಬ್ಬ ಅಂಗಡಿಗೆ ಬಂದು, ಸಾಲ ಮಾಡಿ ಎರಡು ಟರ್ನ್‌ಟೇಬಲ್ ತಗೊಳ್ಳಲಾ ಅಂಕಲ್ ಎಂದು ಕೇಳಿದ. ಈ ಪತ್ರ ಬರೆಯಲು ಅದೂ ಒಂದು ಕಾರಣ. ಎರಡು ಒಳ್ಳೆಯ ಟರ್ನ್‌ಟೇಬಲ್, ಮುಳ್ಳು, ಮಿಕ್ಸರ್ ಸೇರಿದರೆ ಹೊಸ ಸ್ಕೂಟರಿನ ದುಡ್ಡನ್ನೂ ದಾಟುತ್ತದೆ, ಆಮೇಲೆ ಹೊರದೇಶದ ಒಂದೊಂದು ಪ್ಲೇಟಿಗೆ ಮೂರು ಸಾವಿರದ ಆಸುಪಾಸು. ಅವನಿಗೆ ಇರುವ ಲ್ಯಾಪ್‌ಟಾಪೇ ಸಾಕು, ದುಡ್ಡನ್ನು ಒಂದು ಜೊತೆ ಒಳ್ಳೆಯ ಬಾಕ್ಸಿಗೂ ಕಿವಿ ಮುಚ್ಚುವ ಹೆಡ್‌ಫೋನಿಗೂ ಹಾಕು ಎಂದೆ. ಸಪ್ಪೆ ಮುಖ ಮಾಡಿಕೊಂಡು ಹೋದ. ಪತ್ರಿಕೆಯಲ್ಲಿ ಬಂದದ್ದಕ್ಕೆ ನನ್ನ ಮಾತಿಗಿಂತ ತೂಕ ಹೆಚ್ಚು, ಸಹಜವೇ.

ಕೊನೆಗೆ ಒಂದು ಸಣ್ಣ ವಿಷಯ. ಲೇಖನದ ಜೊತೆ ಹಾಕಿದ ಚಿತ್ರದಲ್ಲಿ ರೂಪದರ್ಶಿಯ ಹೆಬ್ಬೆರಳು ಪ್ಲೇಟಿನ ಗೀರಿನ ಮೇಲೇ ಕೂತಿದೆ. ಬೆರಳಿನ ಎಣ್ಣೆ ಅಲ್ಲಿ ಧೂಳನ್ನು ಹಿಡಿದು ಕೂರಿಸುತ್ತದೆ. ಮುಂದಿನ ಸಲ ಅಂಚು ಮತ್ತು ಲೇಬಲ್ ಹಿಡಿಯಲು ಹೇಳಿ.

ಇಂತಿ ನಿಮ್ಮ ಓದುಗ,
ಮೈಕ್‌ಸೆಟ್ ಅಂಗಡಿಯವನು,
ಮೈಸೂರು